ಎಚ್. ಜಿ. ವೆಲ್ಸ್

ಹರ್ಬರ್ಟ್ ಜಾರ್ಜ್ ವೆಲ್ಸ್ (21 ಸೆಪ್ಟೆಂಬರ್ 1866 – 13 ಆಗಸ್ಟ್ 1946) ಇಂಗ್ಲೆಂಡಿನ ಕಾದಂಬರಿಕಾರರು, ಸಣ್ಣಕತೆಗಾರರು, ವಿಜ್ಞಾನ ಲೇಖಕರು ಹಾಗೂ ಸಮಾಜ ಚಿಂತಕರು. ಎಚ್. ಜಿ. ವೆಲ್ಸ್ ಎಂಬ ಹೆಸರಿನಿಂದ ಪ್ರಸಿದ್ಧರು. ಫ್ರಾನ್ಸಿನ ಜೂಲ್ಸ್ ವರ್ನ್ ಅವರೊಂದಿಗೆ ಇವರನ್ನು ವೈಜ್ಞಾನಿಕ ಕಾದಂಬರಿ ಪ್ರಕಾರದ ಪಿತಾಮಹರಲ್ಲಿ ಒಬ್ಬರೆಂದು ಪರಿಗಣಿಸಲಾಗುತ್ತದೆ. ‘ದಿ ಟೈಮ್ ಮೆಷಿನ್’ (1895), ‘ದಿ ಐಲೆಂಡ್ ಆಫ್ ಡಾಕ್ಟರ್ ಮೊರೊ’ (1896), ‘ದಿ ಇನ್‌ವಿಸಿಬಲ್ ಮ್ಯಾನ್’ (1897) ಮತ್ತು ‘ದಿ ವಾರ್ ಆಫ್ ದಿ ವರ್ಲ್ಡ್ಸ್’ (1898) ಇವರ ಅತ್ಯಂತ ಜನಪ್ರಿಯ ಕೃತಿಗಳು. ಯಂತ್ರದ ನೆರವಿನಿಂದ ಕಾಲದಲ್ಲಿ ಪಯಣಿಸುವ ಕಲ್ಪನೆಗೆ ಸಾಹಿತ್ಯದಲ್ಲಿ ಸ್ಥಿರವಾದ ರೂಪ ದೊರೆತದ್ದು ಇವರಿಂದ. ಅಸಾಮಾನ್ಯ ಶಕ್ತಿ ಪಡೆದ ಮನುಷ್ಯನ ಕತೆಗಳನ್ನು ಅಮೆರಿಕದ ಸೂಪರ್‌ಹೀರೊ ಕಾಮಿಕ್ಸ್ ಹುಟ್ಟುವುದಕ್ಕೆ ನಾಲ್ಕು ದಶಕಗಳ ಮೊದಲೇ ಇವರು ಬರೆದರು. ಸಾಹಿತ್ಯದ ನೊಬೆಲ್ ಪ್ರಶಸ್ತಿಗೆ ಇವರ ಹೆಸರು ನಾಲ್ಕು ಬಾರಿ ಸೂಚಿತವಾಗಿತ್ತು.

ಜನನ ಮತ್ತು ಬಾಲ್ಯ

ವೆಲ್ಸ್ ಅವರು ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ ಬ್ರಾಮ್ಲಿ ಪಟ್ಟಣದಲ್ಲಿ ಜನಿಸಿದರು. ತಂದೆ ಜೋಸೆಫ್ ವೆಲ್ಸ್, ತಾಯಿ ಸಾರಾ ನೀಲ್. ದಂಪತಿಗಳ ನಾಲ್ಕು ಮಕ್ಕಳಲ್ಲಿ ಇವರೇ ಕಿರಿಯರು. ಮದುವೆಗೆ ಮೊದಲು ತಂದೆ ಶ್ರೀಮಂತರ ಮನೆಗಳಲ್ಲಿ ತೋಟದ ಕೆಲಸವನ್ನೂ ತಾಯಿ ಮನೆಗೆಲಸವನ್ನೂ ಮಾಡುತ್ತಿದ್ದರು. ಅನಂತರ ಅವರು ಬ್ರಾಮ್ಲಿಯ ಮುಖ್ಯ ಬೀದಿಯಲ್ಲಿ ಪಿಂಗಾಣಿ ಸಾಮಾನು ಹಾಗೂ ಆಟದ ಸಾಮಗ್ರಿಗಳ ಅಂಗಡಿಯೊಂದನ್ನು ನಡೆಸಿದರು. ಅಂಗಡಿಯಿಂದ ಬರುತ್ತಿದ್ದ ಆದಾಯ ಬಹಳ ಕಡಿಮೆ. ಜೋಸೆಫ್ ವೆಲ್ಸ್ ವೃತ್ತಿಪರ ಕ್ರಿಕೆಟ್ ಆಟಗಾರರೂ ಆಗಿದ್ದುದರಿಂದ ಸಂಸಾರ ಹೇಗೋ ಸಾಗುತ್ತಿತ್ತು. 1862ರಲ್ಲಿ ಕೆಂಟ್ ತಂಡದ ಪರವಾಗಿ ಸಸೆಕ್ಸ್ ವಿರುದ್ಧ ಆಡುವಾಗ ಅವರು ಸತತ ನಾಲ್ಕು ಎಸೆತಗಳಲ್ಲಿ ನಾಲ್ಕು ವಿಕೆಟ್ ಪಡೆದಿದ್ದರು. ಪ್ರಥಮ ದರ್ಜೆ ಕ್ರಿಕೆಟ್‌ನಲ್ಲಿ ಈ ಸಾಧನೆ ಮಾಡಿದವರಲ್ಲಿ ಅವರೇ ಮೊದಲಿಗರು.

ಏಳೆಂಟು ವರ್ಷದ ಬಾಲಕನಾಗಿದ್ದಾಗ ವೆಲ್ಸ್ ಅಪಘಾತವೊಂದರಲ್ಲಿ ಕಾಲು ಮುರಿದುಕೊಂಡು ಹಲವು ವಾರ ಹಾಸಿಗೆ ಹಿಡಿದರು. ಹೊತ್ತು ಕಳೆಯಲೆಂದು ತಂದೆ ಊರಿನ ಗ್ರಂಥಾಲಯದಿಂದ ತಂದುಕೊಟ್ಟ ಪುಸ್ತಕಗಳು ಬಾಲಕನಲ್ಲಿ ಓದಿನ ಗೀಳನ್ನು ಹುಟ್ಟಿಸಿದವು. ಬರೆಯಬೇಕೆಂಬ ಆಸೆ ಮೂಡಿದ್ದೂ ಆಗಲೇ. 1877ರಲ್ಲಿ ತಂದೆಯ ತೊಡೆಯ ಮೂಳೆ ಮುರಿದು ಅವರ ಕ್ರಿಕೆಟ್ ಜೀವನ ಕೊನೆಗೊಂಡಿತು. ಕುಟುಂಬ ತೀವ್ರ ಬಡತನಕ್ಕೆ ಸಿಲುಕಿತು. 1880ರಲ್ಲಿ ತಾಯಿ ಸಸೆಕ್ಸ್‌ನ ಅಪ್‌ಪಾರ್ಕ್ ಎಂಬ ಜಮೀನ್ದಾರಿ ಬಂಗಲೆಯಲ್ಲಿ ಮನೆವಾರ್ತೆಯ ಮೇಲ್ವಿಚಾರಕಿಯಾಗಿ ಕೆಲಸಕ್ಕೆ ಸೇರಿದರು. ತಂದೆ ಬ್ರಾಮ್ಲಿಯಲ್ಲೇ ಉಳಿದರು.

ಜವಳಿ ಅಂಗಡಿಯ ವರ್ಷಗಳು

ಹದಿನಾಲ್ಕನೆಯ ವಯಸ್ಸಿಗೆ ವೆಲ್ಸ್ ಅವರ ಶಾಲೆ ನಿಂತಿತು. ವಿಂಡ್ಸರ್‌ನ ಜವಳಿ ಅಂಗಡಿಯೊಂದರಲ್ಲಿ ಅವರನ್ನು ಕೆಲಸ ಕಲಿಯಲು ಬಿಡಲಾಯಿತು; ಅಲ್ಲಿ ಅವರು ನಿಲ್ಲಲಿಲ್ಲ. ಕೆಲಕಾಲ ಶಾಲೆಯೊಂದರಲ್ಲಿ ಸಹಾಯಕರಾಗಿ, ಮತ್ತೆ ಕೆಲಕಾಲ ಔಷಧದ ಅಂಗಡಿಯಲ್ಲಿ ಕಳೆದ ಮೇಲೆ 1881ರಲ್ಲಿ ಸೌತ್‌ಸೀ ಪಟ್ಟಣದ ಜವಳಿ ಅಂಗಡಿಗೆ ಅಪ್ರೆಂಟಿಸ್ ಆಗಿ ಸೇರಿದರು. ದಿನಕ್ಕೆ 13 ಗಂಟೆ ದುಡಿಮೆ. ರಾತ್ರಿ ಇತರ ಹುಡುಗರೊಂದಿಗೆ ಸಾಮೂಹಿಕ ಕೊಠಡಿಯಲ್ಲಿ ನಿದ್ರೆ. ಈ ಬದುಕನ್ನು ಅವರು ಎರಡು ವರ್ಷ ಸಹಿಸಿದರು. ಒಂದು ಭಾನುವಾರ ಸುಮಾರು 17 ಮೈಲಿ ನಡೆದು ಅಪ್‌ಪಾರ್ಕಿಗೆ ಹೋಗಿ, ತಮ್ಮನ್ನು ಆ ಒಪ್ಪಂದದಿಂದ ಬಿಡಿಸಬೇಕೆಂದು ತಾಯಿಯನ್ನು ಬೇಡಿಕೊಂಡರು. ಜವಳಿ ವ್ಯಾಪಾರ ಗೌರವದ ಕಸುಬೆಂದು ನಂಬಿದ್ದ ತಾಯಿ ಕೊನೆಗೆ ಒಪ್ಪಿದರು.

ಅಪ್‌ಪಾರ್ಕ್ ಬಂಗಲೆಯ ಗ್ರಂಥ ಭಂಡಾರದಲ್ಲಿ ವೆಲ್ಸ್ ಪ್ಲೇಟೊ, ಥಾಮಸ್ ಮೋರ್, ಜೊನಾಥನ್ ಸ್ವಿಫ್ಟ್ ಮೊದಲಾದವರ ಕೃತಿಗಳನ್ನು ಓದಿದರು. ಒಡೆಯರು ಮೇಲಿನ ಹಜಾರಗಳಲ್ಲಿಯೂ ಆಳುಗಳು ನೆಲಮಾಳಿಗೆಯಲ್ಲಿಯೂ ವಾಸಿಸುತ್ತಿದ್ದ ಆ ಮನೆಯ ವ್ಯವಸ್ಥೆ ಅವರ ಮನಸ್ಸಿನಲ್ಲಿ ಅಚ್ಚೊತ್ತಿತು. ‘ದಿ ಟೈಮ್ ಮೆಷಿನ್’ ಕಾದಂಬರಿಯಲ್ಲಿ ನೆಲದ ಮೇಲಿನ ಮತ್ತು ನೆಲದಡಿಯ ಎರಡು ಮಾನವ ಕುಲಗಳ ಕಲ್ಪನೆಗೆ ಈ ಅನುಭವವೂ ಮೂಲವಾಯಿತೆಂದು ವಿಮರ್ಶಕರು ಗುರುತಿಸಿದ್ದಾರೆ.

ಉನ್ನತ ಶಿಕ್ಷಣ ಮತ್ತು ಅಧ್ಯಾಪನ

1883ರಲ್ಲಿ ಮಿಡ್‌ಹರ್ಸ್ಟ್ ಗ್ರಾಮರ್ ಶಾಲೆಯ ಮುಖ್ಯೋಪಾಧ್ಯಾಯ ಹೊರೇಸ್ ಬಯಟ್ ಅವರು ವೆಲ್ಸ್ ಅವರನ್ನು ಕಿರಿಯ ತರಗತಿಗಳಿಗೆ ಪಾಠ ಹೇಳುವ ವಿದ್ಯಾರ್ಥಿ ಶಿಕ್ಷಕರನ್ನಾಗಿ ನೇಮಿಸಿಕೊಂಡರು. ಮರುವರ್ಷ ವೆಲ್ಸ್ ಅವರಿಗೆ ಲಂಡನ್ನಿನ ಸೌತ್ ಕೆನ್ಸಿಂಗ್ಟನ್‌ನ ನಾರ್ಮಲ್ ಸ್ಕೂಲ್ ಆಫ್ ಸೈನ್ಸ್‌ನಲ್ಲಿ ಓದಲು ವಾರಕ್ಕೆ 21 ಷಿಲ್ಲಿಂಗ್‌ಗಳ ವಿದ್ಯಾರ್ಥಿವೇತನ ದೊರೆಯಿತು. ಅಲ್ಲಿ ಅವರಿಗೆ ಜೀವಶಾಸ್ತ್ರ ಕಲಿಸಿದವರು ಡಾರ್ವಿನ್ನರ ವಿಕಾಸವಾದದ ಪ್ರಬಲ ಪ್ರತಿಪಾದಕರಾಗಿದ್ದ ಥಾಮಸ್ ಹೆನ್ರಿ ಹಕ್ಸ್‌ಲಿ. ವಿಕಾಸವೆಂದರೆ ಮೇಲ್ಮುಖ ಪ್ರಗತಿಯೇ ಎಂದು ಭಾವಿಸಬೇಕಿಲ್ಲ, ಪರಿಸ್ಥಿತಿ ಬದಲಾದರೆ ಯಾವ ಜೀವಕುಲವೂ ಅವನತಿ ಹೊಂದಬಹುದು ಎಂಬ ತಿಳಿವು ವೆಲ್ಸ್ ಅವರ ಬರಹದ ಬೆನ್ನೆಲುಬಾಯಿತು.

ಹಕ್ಸ್‌ಲಿಯವರ ಬಳಿ ಕಲಿತ ಮೊದಲ ವರ್ಷದ ಉತ್ಸಾಹ ಮುಂದೆ ಉಳಿಯಲಿಲ್ಲ. ವೆಲ್ಸ್ ಚರ್ಚಾಕೂಟಗಳಲ್ಲಿಯೂ ತಾವೂ ಸೇರಿ ಆರಂಭಿಸಿದ ‘ಸೈನ್ಸ್ ಸ್ಕೂಲ್ಸ್ ಜರ್ನಲ್’ ಪತ್ರಿಕೆಯಲ್ಲಿಯೂ ಹೆಚ್ಚು ತೊಡಗಿದರು. 1887ರಲ್ಲಿ ಪದವಿಯಿಲ್ಲದೆ ಹೊರಬಂದರು. ಅದೇ ವರ್ಷ ವೇಲ್ಸ್ ಪ್ರಾಂತ್ಯದ ಶಾಲೆಯೊಂದರಲ್ಲಿ ಶಿಕ್ಷಕರಾಗಿದ್ದಾಗ ಫುಟ್‌ಬಾಲ್ ಆಟದಲ್ಲಿ ಬಲವಾದ ಪೆಟ್ಟು ತಗುಲಿ ಅವರ ಮೂತ್ರಪಿಂಡಕ್ಕೆ ಹಾನಿಯಾಯಿತು. ಬೆನ್ನಿಗೇ ಶ್ವಾಸಕೋಶದಿಂದ ರಕ್ತಸ್ರಾವವೂ ಕಾಣಿಸಿಕೊಂಡಿತು. ಹೆಚ್ಚು ಕಾಲ ಬದುಕುವುದಿಲ್ಲವೆಂಬ ಭಯದಲ್ಲಿ ಅವರು ಹಲವು ವರ್ಷ ಕಳೆದರು. ಚೇತರಿಸಿಕೊಂಡ ಮೇಲೆ ಲಂಡನ್ನಿನ ಹೆನ್ಲಿ ಹೌಸ್ ಶಾಲೆಯಲ್ಲಿ ಪಾಠ ಹೇಳಿದರು. ಮುಂದೆ ಮಕ್ಕಳ ಸಾಹಿತ್ಯದಲ್ಲಿ ಹೆಸರಾದ ಎ. ಎ. ಮಿಲ್ನ್ ಅಲ್ಲಿ ಅವರ ವಿದ್ಯಾರ್ಥಿಯಾಗಿದ್ದರು. 1890ರಲ್ಲಿ ಲಂಡನ್ ವಿಶ್ವವಿದ್ಯಾಲಯದಿಂದ ಬಾಹ್ಯ ವಿದ್ಯಾರ್ಥಿಯಾಗಿ ಪ್ರಾಣಿಶಾಸ್ತ್ರದಲ್ಲಿ ಬಿ.ಎಸ್‌ಸಿ. ಪದವಿ ಪಡೆದರು. 1893ರಲ್ಲಿ ಜೀವಶಾಸ್ತ್ರದ ಪಠ್ಯಪುಸ್ತಕವನ್ನು ಪ್ರಕಟಿಸಿದರು. ಆ ವರ್ಷ ಮತ್ತೆ ಆರೋಗ್ಯ ಕೆಟ್ಟಾಗ ತರಗತಿಯ ಪಾಠವನ್ನು ಬಿಟ್ಟು ಪೂರ್ಣಾವಧಿ ಬರವಣಿಗೆಗೆ ಇಳಿದರು.

ಕುಟುಂಬ

1891ರಲ್ಲಿ ವೆಲ್ಸ್ ತಮ್ಮ ಸಂಬಂಧಿ ಇಸಬೆಲ್ ಮೇರಿ ವೆಲ್ಸ್ ಅವರನ್ನು ವಿವಾಹವಾದರು. 1894ರಲ್ಲಿ ಇಬ್ಬರೂ ಬೇರೆಯಾದರು. 1895ರಲ್ಲಿ ತಮ್ಮ ವಿದ್ಯಾರ್ಥಿನಿಯಾಗಿದ್ದ ಆಮಿ ಕ್ಯಾಥರೀನ್ ರಾಬಿನ್ಸ್ ಅವರನ್ನು ವರಿಸಿದರು; ಅವರನ್ನು ವೆಲ್ಸ್ ಜೇನ್ ಎಂದು ಕರೆಯುತ್ತಿದ್ದರು. ಈ ದಂಪತಿಗಳಿಗೆ ಜಾರ್ಜ್ ಫಿಲಿಪ್ (ಜನನ 1901) ಮತ್ತು ಫ್ರ್ಯಾಂಕ್ ರಿಚರ್ಡ್ (ಜನನ 1903) ಎಂಬ ಇಬ್ಬರು ಗಂಡುಮಕ್ಕಳು. ಹಿರಿಯ ಮಗ ಪ್ರಾಣಿಶಾಸ್ತ್ರಜ್ಞರಾದರು. ವೆಲ್ಸ್ ಅವರಿಗೆ ವಿವಾಹದ ಹೊರಗೂ ಸಂಬಂಧಗಳಿದ್ದವು. ಆಂಬರ್ ರೀವ್ಸ್ ಅವರಿಂದ 1909ರಲ್ಲಿ ಒಬ್ಬ ಮಗಳೂ ಲೇಖಕಿ ರೆಬೆಕಾ ವೆಸ್ಟ್ ಅವರಿಂದ 1914ರಲ್ಲಿ ಆಂಥನಿ ವೆಸ್ಟ್ ಎಂಬ ಮಗನೂ ಜನಿಸಿದರು. ಇದರಿಂದ ಅವರು ಸಾರ್ವಜನಿಕ ಟೀಕೆಗೆ ಗುರಿಯಾದರು. ಜೇನ್ 1927ರಲ್ಲಿ ನಿಧನರಾದರು.

‘ದಿ ಟೈಮ್ ಮೆಷಿನ್’

ಕಾಲಯಾನದ ವಿಷಯವನ್ನು ವೆಲ್ಸ್ ಮೊದಲು ಬಳಸಿದ್ದು 1888ರಲ್ಲಿ ತಮ್ಮ ಕಾಲೇಜಿನ ಪತ್ರಿಕೆಯಲ್ಲಿ ಬಂದ ‘ದಿ ಕ್ರಾನಿಕ್ ಆರ್ಗೊನಾಟ್ಸ್’ ಎಂಬ ಅಪೂರ್ಣ ಕತೆಯಲ್ಲಿ. ಅದನ್ನು ಅವರು ಮತ್ತೆ ಮತ್ತೆ ತಿದ್ದಿ ಬರೆದರು. ಸಂಪಾದಕ ಡಬ್ಲ್ಯು. ಇ. ಹೆನ್ಲಿ ಅವರ ಒತ್ತಾಸೆಯಿಂದ ಅದು ಕಾದಂಬರಿಯಾಗಿ ಬೆಳೆದು 1895ರ ಜನವರಿಯಿಂದ ಮೇ ತಿಂಗಳವರೆಗೆ ‘ದಿ ನ್ಯೂ ರಿವ್ಯೂ’ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಪ್ರಕಟವಾಯಿತು. ಇದಕ್ಕಾಗಿ ವೆಲ್ಸ್ ಪಡೆದ ಸಂಭಾವನೆ 100 ಪೌಂಡ್. ಅದೇ ವರ್ಷ ಪುಸ್ತಕವೂ ಹೊರಬಂತು.

ಕಥಾನಾಯಕನಿಗೆ ಹೆಸರಿಲ್ಲ, ಅವನು ಕೇವಲ ಕಾಲಯಾತ್ರಿಕ. ಉದ್ದ, ಅಗಲ, ಎತ್ತರಗಳಂತೆ ಕಾಲವೂ ಒಂದು ಆಯಾಮವೆಂದು ಅವನು ಗೆಳೆಯರಿಗೆ ವಿವರಿಸುತ್ತಾನೆ. ತಾನು ಕಟ್ಟಿದ ಯಂತ್ರವನ್ನೇರಿ ಕ್ರಿ.ಶ. 8,02,701ನೆಯ ವರ್ಷಕ್ಕೆ ಹೋಗುತ್ತಾನೆ. ಅಲ್ಲಿ ಮಾನವ ಕುಲ ಎರಡಾಗಿ ಒಡೆದಿದೆ. ನೆಲದ ಮೇಲೆ ಸುಂದರರೂ ದುರ್ಬಲರೂ ಆದ ಎಲಾಯ್‌ಗಳು ಆಟವಾಡಿಕೊಂಡಿದ್ದಾರೆ. ನೆಲದಡಿಯ ಕತ್ತಲೆಯಲ್ಲಿ ಯಂತ್ರಗಳನ್ನು ನಡೆಸುವ ಮಾರ್ಲಾಕ್‌ಗಳು ರಾತ್ರಿ ಮೇಲೆ ಬಂದು ಎಲಾಯ್‌ಗಳನ್ನು ಹಿಡಿದು ತಿನ್ನುತ್ತಾರೆ. ದುಡಿಸುವವರ ಮತ್ತು ದುಡಿಯುವವರ ನಡುವಿನ ಅಂತರ ಲಕ್ಷಾಂತರ ವರ್ಷ ಬೆಳೆದರೆ ಏನಾದೀತು ಎಂಬುದಕ್ಕೆ ಇದು ವೆಲ್ಸ್ ಕೊಟ್ಟ ಉತ್ತರ. ಕಾಲಯಾತ್ರಿಕ ಮತ್ತೂ ಮುಂದೆ, ಮೂರು ಕೋಟಿ ವರ್ಷಗಳಾಚೆ ಹೋಗಿ, ಕೆಂಪಾಗಿ ಆರುತ್ತಿರುವ ಸೂರ್ಯನನ್ನೂ ಸಾಯುತ್ತಿರುವ ಭೂಮಿಯನ್ನೂ ನೋಡಿ ಹಿಂತಿರುಗುತ್ತಾನೆ. ಅವನ ಜೇಬಿನಲ್ಲಿ ಎಲಾಯ್ ಹೆಣ್ಣು ವೀನಾ ಇಟ್ಟ ಎರಡು ಬಿಳಿಯ ಹೂಗಳು ಮಾತ್ರ ಸಾಕ್ಷಿಯಾಗಿ ಉಳಿದಿರುತ್ತವೆ. ಎರಡನೆಯ ಬಾರಿ ಹೊರಟವನು ಮರಳುವುದೇ ಇಲ್ಲ.

ಐನ್‌ಸ್ಟೈನ್ ಅವರ ವಿಶೇಷ ಸಾಪೇಕ್ಷತಾ ಸಿದ್ಧಾಂತ ಪ್ರಕಟವಾದದ್ದು 1905ರಲ್ಲಿ; ದೇಶ ಮತ್ತು ಕಾಲಗಳನ್ನು ಒಂದೇ ನಾಲ್ಕು ಆಯಾಮಗಳ ಹಂದರವಾಗಿ ಹರ್ಮನ್ ಮಿಂಕೋವ್‌ಸ್ಕಿ ನಿರೂಪಿಸಿದ್ದು 1908ರಲ್ಲಿ. ವೆಲ್ಸ್ ಅವರ ವಿವರಣೆಗೆ ಗಣಿತದ ಆಧಾರವಿರಲಿಲ್ಲ. ನಾಲ್ಕನೆಯ ಆಯಾಮದ ಬಗ್ಗೆ ಅಂದಿನ ಲಂಡನ್ನಿನಲ್ಲಿ ನಡೆಯುತ್ತಿದ್ದ ಚರ್ಚೆಗಳನ್ನು ಅವರು ಕತೆಗೆ ಬಳಸಿಕೊಂಡರು.

ಭೂತಕಾಲವನ್ನು ಬದಲಿಸುವ ಪ್ರಶ್ನೆ

ಕಾಲಯಾನದ ಕತೆಗಳು ವೆಲ್ಸ್ ಅವರಿಗೆ ಮೊದಲೂ ಇದ್ದವು. ಸ್ಪೇನಿನ ಎನ್ರಿಕೆ ಗಾಸ್ಪರ್ 1887ರಲ್ಲೇ ಕಾಲದಲ್ಲಿ ಚಲಿಸುವ ವಾಹನವೊಂದನ್ನು ಕಲ್ಪಿಸಿದ್ದರು. 1889ರಲ್ಲಿ ಮಾರ್ಕ್ ಟ್ವೈನ್ ತಮ್ಮ ಕಾಲದ ಅಮೆರಿಕನ್ನನೊಬ್ಬನನ್ನು ಆರ್ಥರ್ ದೊರೆಯ ಕಾಲಕ್ಕೆ ಕಳುಹಿಸಿ, ಅವನು ಆ ಸಮಾಜವನ್ನು ಬದಲಿಸಲು ಹೋಗಿ ಸೋಲುವುದನ್ನು ಚಿತ್ರಿಸಿದ್ದರು. ವೆಲ್ಸ್ ತಮ್ಮ ಯಾತ್ರಿಕನನ್ನು ಭವಿಷ್ಯಕ್ಕೆ ಮಾತ್ರ ಕರೆದೊಯ್ದರು. ಹಿಂದಕ್ಕೆ ಹೋದವನು ತನ್ನ ಪೂರ್ವಜನನ್ನೇ ಕೊಂದರೆ ಏನಾದೀತು ಎಂಬ ಬಗೆಯ ತೊಡಕುಗಳಿಗೆ ಅವರು ಕೈಹಾಕಲಿಲ್ಲ. ಅವರ ಆಸಕ್ತಿ ಇದ್ದದ್ದು ಇಂದಿನ ನಡೆ ನಾಳೆಯನ್ನು ಹೇಗೆ ರೂಪಿಸುತ್ತದೆ ಎಂಬುದರಲ್ಲಿ.

ಆದರೂ ಆದದ್ದನ್ನು ಆಗದಂತೆ ಮಾಡುವ ಕಲ್ಪನೆ ಅವರ ಒಂದು ಕತೆಯಲ್ಲಿ ಬಂದಿದೆ. 1898ರ ‘ದಿ ಮ್ಯಾನ್ ಹೂ ಕುಡ್ ವರ್ಕ್ ಮಿರಾಕಲ್ಸ್’ ಕತೆಯ ಫಾದರಿಂಗೇ ಒಬ್ಬ ಸಾಧಾರಣ ಗುಮಾಸ್ತ. ಪವಾಡಗಳು ಅಸಾಧ್ಯವೆಂದು ಹೆಂಡದಂಗಡಿಯಲ್ಲಿ ವಾದಿಸುತ್ತಿರುವಾಗಲೇ, ತಾನು ಇಚ್ಛಿಸಿದ್ದೆಲ್ಲ ನಡೆಯುತ್ತದೆ ಎಂಬುದು ಅವನಿಗೆ ಗೊತ್ತಾಗುತ್ತದೆ. ಪಾದ್ರಿಯೊಬ್ಬರ ಪ್ರೇರಣೆಯಿಂದ ಊರಿಗೆ ಒಳಿತು ಮಾಡಲು ಹೊರಟವನು, ರಾತ್ರಿ ಸಾಲದೆ, ಭೂಮಿಯ ತಿರುಗುವಿಕೆಯನ್ನೇ ನಿಲ್ಲಿಸುತ್ತಾನೆ. ತಿರುಗುತ್ತಿದ್ದ ಭೂಮಿ ಥಟ್ಟನೆ ನಿಂತಾಗ ಅದರ ಮೇಲಿನ ಮನೆ, ಮರ, ಜನ, ಸಮುದ್ರ ಎಲ್ಲವೂ ಅದೇ ವೇಗದಲ್ಲಿ ಎಸೆಯಲ್ಪಟ್ಟು ಲೋಕವೇ ನಾಶವಾಗುತ್ತದೆ. ಬೆದರಿದ ಅವನು, ತನ್ನ ಶಕ್ತಿ ಹೋಗಲಿ, ಎಲ್ಲವೂ ಪವಾಡಕ್ಕೆ ಮುಂಚಿನಂತೆ ಆಗಲಿ ಎಂದು ಇಚ್ಛಿಸುತ್ತಾನೆ. ಮರುಕ್ಷಣ ಅದೇ ಅಂಗಡಿಯಲ್ಲಿ ಅದೇ ವಾದವನ್ನು ಮಾಡುತ್ತಿರುತ್ತಾನೆ. ನಡೆದದ್ದು ಯಾವುದೂ ಅವನ ನೆನಪಿನಲ್ಲಿಲ್ಲ. ಕಾಲ ಹಿಂದೆ ಸರಿದರೆ ಅದರೊಂದಿಗೆ ಕಲಿತ ಪಾಠವೂ ಅಳಿಯುತ್ತದೆ ಎಂಬ ವ್ಯಂಗ್ಯ ಈ ಕತೆಯಲ್ಲಿದೆ. 1936ರಲ್ಲಿ ಇದು ಚಲನಚಿತ್ರವಾಯಿತು. ಅದರ ಚಿತ್ರಕತೆಯಲ್ಲಿ ವೆಲ್ಸ್ ಅವರೇ ಕೈಜೋಡಿಸಿದ್ದರು.

ಅತಿಮಾನುಷ ಶಕ್ತಿಯ ಕತೆಗಳು

ಅಸಾಮಾನ್ಯ ಶಕ್ತಿ ಪಡೆದವರು ವೆಲ್ಸ್ ಅವರ ಕತೆಗಳಲ್ಲಿ ವೀರರಾಗುವುದು ವಿರಳ. ‘ದಿ ಇನ್‌ವಿಸಿಬಲ್ ಮ್ಯಾನ್’ ಕಾದಂಬರಿಯ ಗ್ರಿಫಿನ್ ಎಂಬ ವಿಜ್ಞಾನಿ ತನ್ನನ್ನು ಅದೃಶ್ಯನನ್ನಾಗಿ ಮಾಡಿಕೊಳ್ಳುತ್ತಾನೆ. ಸಂಶೋಧನೆಯ ಖರ್ಚಿಗೆ ಅವನು ಕದ್ದದ್ದು ತಂದೆಯ ಬಳಿಯಿದ್ದ ಹಣವನ್ನು. ಅದು ಬೇರೆಯವರದಾದ್ದರಿಂದ ತಂದೆ ಗುಂಡು ಹೊಡೆದುಕೊಂಡು ಸಾಯುತ್ತಾನೆ. ಅದೃಶ್ಯನಾದವನಿಗೆ ಚಳಿಯಲ್ಲಿ ಬಟ್ಟೆ ತೊಡುವಂತಿಲ್ಲ, ಎಲ್ಲರೆದುರು ಊಟ ಮಾಡುವಂತಿಲ್ಲ. ದೇಶವನ್ನೇ ಭಯದಲ್ಲಿಡಲು ಹೊರಟ ಅವನು ಜನರ ಗುಂಪಿನ ಹೊಡೆತಕ್ಕೆ ಸಿಕ್ಕಿ ಸಾಯುತ್ತಾನೆ. ಸತ್ತ ಮೇಲೆ ದೇಹ ನಿಧಾನವಾಗಿ ಕಾಣಿಸತೊಡಗುತ್ತದೆ.

1901ರ ‘ದಿ ನ್ಯೂ ಆಕ್ಸಿಲರೇಟರ್’ ಕತೆಯಲ್ಲಿ ಔಷಧವೊಂದನ್ನು ಕುಡಿದ ಇಬ್ಬರ ದೇಹ ಮತ್ತು ಮನಸ್ಸುಗಳು ಸಾವಿರಾರು ಪಟ್ಟು ವೇಗ ಪಡೆಯುತ್ತವೆ. ಸುತ್ತಲಿನ ಲೋಕ ಅವರಿಗೆ ಸ್ತಬ್ಧವಾಗಿ ಕಾಣುತ್ತದೆ. ಗಾಳಿಯ ಘರ್ಷಣೆಗೆ ಉಟ್ಟ ಬಟ್ಟೆ ಸೀಯುತ್ತದೆ. ‘ದಿ ಫುಡ್ ಆಫ್ ದಿ ಗಾಡ್ಸ್’ (1904) ಕಾದಂಬರಿಯಲ್ಲಿ ವಿಶೇಷ ಆಹಾರದಿಂದ ದೈತ್ಯರಾಗಿ ಬೆಳೆದ ಮಕ್ಕಳನ್ನು ಸಾಮಾನ್ಯ ಜನ ಸಹಿಸಲಾರದೆ ಹೋರಾಟಕ್ಕಿಳಿಯುತ್ತಾರೆ. ‘ದಿ ಕಂಟ್ರಿ ಆಫ್ ದಿ ಬ್ಲೈಂಡ್’ (1904) ಕತೆಯಲ್ಲಿ ಆಂಡಿಸ್ ಪರ್ವತದ ಕುರುಡರ ಕಣಿವೆಗೆ ಬಂದ ಕಣ್ಣುಳ್ಳವನು ತಾನೇ ಅರಸನಾಗುವೆನೆಂದು ಭಾವಿಸಿ ಮೋಸಹೋಗುತ್ತಾನೆ. ಅವನ ದೃಷ್ಟಿ ಅಲ್ಲಿಯವರಿಗೆ ಗುಣಪಡಿಸಬೇಕಾದ ರೋಗವಾಗಿ ತೋರುತ್ತದೆ. ಶಕ್ತಿಗೆ ಸಮನಾದ ವಿವೇಕ ಇಲ್ಲದಿದ್ದರೆ ಶಕ್ತಿವಂತನೂ ಸಮಾಜವೂ ಹಾನಿಗೊಳಗಾಗುತ್ತವೆ ಎಂಬುದು ಈ ಕತೆಗಳಲ್ಲಿ ಮರಳಿ ಮರಳಿ ಕಾಣುವ ಎಚ್ಚರಿಕೆ.

ಇತರ ಕೃತಿಗಳು

‘ದಿ ವಾರ್ ಆಫ್ ದಿ ವರ್ಲ್ಡ್ಸ್’ ಕಾದಂಬರಿಯಲ್ಲಿ ಮಂಗಳ ಗ್ರಹದವರು ಇಂಗ್ಲೆಂಡಿನ ಮೇಲೆ ದಾಳಿ ಮಾಡುತ್ತಾರೆ. ಅವರನ್ನು ಕೊನೆಗೆ ಕೊಲ್ಲುವುದು ಮನುಷ್ಯರ ಆಯುಧಗಳಲ್ಲ, ಭೂಮಿಯ ಸೂಕ್ಷ್ಮಜೀವಿಗಳು. ಯುರೋಪಿಯನ್ನರು ಟ್ಯಾಸ್ಮೇನಿಯಾದ ಮೂಲನಿವಾಸಿಗಳಿಗೆ ಮಾಡಿದ್ದನ್ನು ಕಾದಂಬರಿಯ ಆರಂಭದಲ್ಲೇ ನೆನಪಿಸಿ, ವೆಲ್ಸ್ ವಸಾಹತುಶಾಹಿಯನ್ನು ಅದರ ಒಡೆಯರ ಕಡೆಗೇ ತಿರುಗಿಸಿ ತೋರಿಸಿದರು. 1938ರ ಅಕ್ಟೋಬರ್ 30ರಂದು ಆರ್ಸನ್ ವೆಲ್ಸ್ ಅಮೆರಿಕದಲ್ಲಿ ಇದನ್ನು ಸುದ್ದಿಪ್ರಸಾರದ ರೂಪದ ರೇಡಿಯೊ ನಾಟಕವಾಗಿ ಪ್ರಸಾರ ಮಾಡಿದಾಗ ಕೆಲವು ಕೇಳುಗರು ಅದನ್ನು ನಿಜವೆಂದೇ ನಂಬಿದರು. ರಾಕೆಟ್ ವಿಜ್ಞಾನಿ ರಾಬರ್ಟ್ ಗೊಡಾರ್ಡ್ ಬಾಲ್ಯದಲ್ಲಿ ಈ ಕಾದಂಬರಿಯನ್ನು ಓದಿ ಬಾಹ್ಯಾಕಾಶಯಾನದ ಕನಸು ಕಂಡವರು.

ಸಾಮಾಜಿಕ ಕಾದಂಬರಿಗಳಲ್ಲಿ ‘ಕಿಪ್ಸ್’ (1905), ‘ಟೋನೊ-ಬಂಗೆ’ (1909), ‘ಆನ್ ವೆರೋನಿಕಾ’ (1909) ಮತ್ತು ‘ದಿ ಹಿಸ್ಟರಿ ಆಫ್ ಮಿಸ್ಟರ್ ಪಾಲಿ’ (1910) ಮುಖ್ಯವಾದವು. ಜವಳಿ ಅಂಗಡಿಯ ಅನುಭವಗಳು ‘ಕಿಪ್ಸ್’ ಮತ್ತು ‘ಪಾಲಿ’ ಕಾದಂಬರಿಗಳಲ್ಲಿ ನೇರವಾಗಿ ಬಂದಿವೆ.

ಪರಮಾಣು ಬಾಂಬಿನ ಕಲ್ಪನೆ

ರಸಾಯನಶಾಸ್ತ್ರಜ್ಞ ಫ್ರೆಡರಿಕ್ ಸಾಡಿ ಅವರು ರೇಡಿಯಂ ಕುರಿತು ಬರೆದ ಪುಸ್ತಕದಿಂದ ಪ್ರೇರಿತರಾಗಿ ವೆಲ್ಸ್ 1914ರಲ್ಲಿ ‘ದಿ ವರ್ಲ್ಡ್ ಸೆಟ್ ಫ್ರೀ’ ಕಾದಂಬರಿಯನ್ನು ಪ್ರಕಟಿಸಿದರು. ವಿಮಾನದಿಂದ ಬೀಳಿಸುವ ಪರಮಾಣು ಬಾಂಬ್‌ಗಳು ನಗರಗಳನ್ನು ನಾಶಮಾಡುವುದನ್ನೂ, ಆ ವಿನಾಶದ ಬಳಿಕ ದೇಶಗಳು ಒಂದೇ ವಿಶ್ವ ಸರ್ಕಾರವನ್ನು ಕಟ್ಟುವುದನ್ನೂ ಅದರಲ್ಲಿ ಚಿತ್ರಿಸಿದರು. ಹಂಗೇರಿ ಮೂಲದ ಭೌತವಿಜ್ಞಾನಿ ಲಿಯೊ ಸಿಲಾರ್ಡ್ ಈ ಕಾದಂಬರಿಯನ್ನು 1932ರಲ್ಲಿ ಓದಿದರು. ಮರುವರ್ಷ ಲಂಡನ್ನಿನಲ್ಲಿ ಅವರಿಗೆ ಪರಮಾಣು ಸರಪಳಿ ಕ್ರಿಯೆಯ ವಿಚಾರ ಹೊಳೆಯಿತು. ಅದು ಆಯುಧವಾದರೆ ಏನಾದೀತು ಎಂಬುದನ್ನು ವೆಲ್ಸ್ ಅವರ ಪುಸ್ತಕದಿಂದ ಅರಿತಿದ್ದ ಸಿಲಾರ್ಡ್, ತಮ್ಮ ಪೇಟೆಂಟ್ ರಹಸ್ಯವಾಗಿ ಉಳಿಯಲೆಂದು ಅದನ್ನು ಬ್ರಿಟಿಷ್ ನೌಕಾಡಳಿತಕ್ಕೆ ಒಪ್ಪಿಸಿದರು. 1945ರ ಆಗಸ್ಟ್ 6ರಂದು ಹಿರೋಷಿಮಾದ ಮೇಲೆ ಬಾಂಬ್ ಬಿದ್ದಾಗ ವೆಲ್ಸ್ ಇನ್ನೂ ಬದುಕಿದ್ದರು.

ಸಾರ್ವಜನಿಕ ಜೀವನ

1903ರಲ್ಲಿ ವೆಲ್ಸ್ ಫೇಬಿಯನ್ ಸೊಸೈಟಿಯನ್ನು ಸೇರಿದರು. ಬರ್ನಾರ್ಡ್ ಷಾ ಮತ್ತು ವೆಬ್ ದಂಪತಿಗಳೊಂದಿಗೆ ಭಿನ್ನಾಭಿಪ್ರಾಯ ಬೆಳೆದು 1908ರಲ್ಲಿ ಅದನ್ನು ತೊರೆದರು. 1922 ಮತ್ತು 1923ರ ಚುನಾವಣೆಗಳಲ್ಲಿ ಲೇಬರ್ ಪಕ್ಷದಿಂದ ಲಂಡನ್ ವಿಶ್ವವಿದ್ಯಾಲಯ ಕ್ಷೇತ್ರದಲ್ಲಿ ಸ್ಪರ್ಧಿಸಿ ಸೋತರು. 1920ರಲ್ಲಿ ಲೆನಿನ್ ಅವರನ್ನೂ, 1934ರಲ್ಲಿ ಸ್ಟಾಲಿನ್ ಮತ್ತು ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಅವರನ್ನೂ ಭೇಟಿಯಾದರು.

ಮೊದಲ ಮಹಾಯುದ್ಧದ ನಂತರ, ಪ್ರತಿ ದೇಶವೂ ತನ್ನ ಇತಿಹಾಸವನ್ನಷ್ಟೇ ಕಲಿಸುವುದು ಯುದ್ಧಕ್ಕೆ ಒಂದು ಕಾರಣವೆಂದು ಭಾವಿಸಿ, ಇಡೀ ಮಾನವ ಕುಲದ ಕತೆಯನ್ನು ಹೇಳುವ ‘ದಿ ಔಟ್‌ಲೈನ್ ಆಫ್ ಹಿಸ್ಟರಿ’ (1919–20) ಗ್ರಂಥವನ್ನು ಬರೆದರು. ಅದರ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾದವು. 1933ರಲ್ಲಿ ನಾಜಿಗಳು ಸುಟ್ಟ ಪುಸ್ತಕಗಳಲ್ಲಿ ವೆಲ್ಸ್ ಅವರ ಕೃತಿಗಳೂ ಇದ್ದವು. ಮಧುಮೇಹಿಯಾಗಿದ್ದ ಅವರು 1934ರಲ್ಲಿ ವೈದ್ಯ ಆರ್. ಡಿ. ಲಾರೆನ್ಸ್ ಅವರೊಂದಿಗೆ ಮಧುಮೇಹಿಗಳ ಸಂಘವನ್ನು ಸ್ಥಾಪಿಸಿದರು. ಅದು ಇಂದು ಡಯಾಬಿಟಿಸ್ ಯುಕೆ ಎಂಬ ಹೆಸರಿನಲ್ಲಿ ಕಾರ್ಯನಿರ್ವಹಿಸುತ್ತಿದೆ.

ಎರಡನೆಯ ಮಹಾಯುದ್ಧ ಆರಂಭವಾದಾಗ, ಈ ಯುದ್ಧ ಯಾವುದಕ್ಕಾಗಿ ಎಂಬ ಪ್ರಶ್ನೆಯನ್ನೆತ್ತಿ ವೆಲ್ಸ್ ಮಾನವ ಹಕ್ಕುಗಳ ಘೋಷಣೆಯೊಂದನ್ನು ಸಿದ್ಧಪಡಿಸಲು ಮುಂದಾದರು. ಲಾರ್ಡ್ ಸ್ಯಾಂಕಿ ಅವರ ಅಧ್ಯಕ್ಷತೆಯ ಸಮಿತಿ ಅದನ್ನು ತಿದ್ದಿ ರೂಪಿಸಿತು. 1940ರಲ್ಲಿ ವೆಲ್ಸ್ ಅವರ ‘ದಿ ರೈಟ್ಸ್ ಆಫ್ ಮ್ಯಾನ್’ ಪುಸ್ತಕ ಪ್ರಕಟವಾಯಿತು. 1948ರ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಗೆ ಹಿನ್ನೆಲೆಯಾದ ಪ್ರಯತ್ನಗಳಲ್ಲಿ ಇದನ್ನೂ ಎಣಿಸಲಾಗುತ್ತದೆ.

ಭಾರತದೊಂದಿಗಿನ ನಂಟು

1930ರಲ್ಲಿ ಜಿನೀವಾದಲ್ಲಿ ವೆಲ್ಸ್ ಮತ್ತು ರವೀಂದ್ರನಾಥ ಠಾಕೂರರು ಭೇಟಿಯಾಗಿ ಜಗತ್ತಿನ ನಾಗರಿಕತೆಗಳ ಭವಿಷ್ಯದ ಬಗ್ಗೆ ಮಾತುಕತೆ ನಡೆಸಿದರು. ಜವಾಹರಲಾಲ್ ನೆಹರೂ ಅವರು ಸೆರೆಮನೆಯಿಂದ ಮಗಳಿಗೆ ಬರೆದ ‘ಗ್ಲಿಂಪ್ಸಸ್ ಆಫ್ ವರ್ಲ್ಡ್ ಹಿಸ್ಟರಿ’ ಪತ್ರಗಳಿಗೆ ವೆಲ್ಸ್ ಅವರ ಇತಿಹಾಸ ಗ್ರಂಥ ಒಂದು ಮುಖ್ಯ ಆಕರವಾಗಿತ್ತು. ಹಕ್ಕುಗಳ ಘೋಷಣೆಯ ಕುರಿತು ವೆಲ್ಸ್ ಗಾಂಧೀಜಿಯವರ ಅಭಿಪ್ರಾಯ ಕೇಳಿದಾಗ, ಹಕ್ಕುಗಳಿಗಿಂತ ಮೊದಲು ಮನುಷ್ಯನ ಕರ್ತವ್ಯಗಳನ್ನು ಪಟ್ಟಿಮಾಡುವುದು ಉಚಿತವೆಂದು ಅವರು ಉತ್ತರಿಸಿದರು.

ಟೀಕೆಗಳು

1901ರ ‘ಆಂಟಿಸಿಪೇಷನ್ಸ್’ ಗ್ರಂಥದ ಕೊನೆಯಲ್ಲಿ ವೆಲ್ಸ್, ದಕ್ಷರಲ್ಲದವರಿಗೂ ಹಿಂದುಳಿದವೆಂದು ತಾವು ಭಾವಿಸಿದ ಜನಾಂಗಗಳಿಗೂ ಭವಿಷ್ಯದ ಸಮಾಜದಲ್ಲಿ ಸ್ಥಾನವಿಲ್ಲವೆಂಬ ಕಠೋರ ನಿಲುವನ್ನು ತಳೆದಿದ್ದರು. ಸುಸಂತಾನಶಾಸ್ತ್ರಕ್ಕೆ ಅವರು ತೋರಿದ ಒಲವು ಇಂದಿಗೂ ತೀವ್ರ ಟೀಕೆಗೆ ಒಳಗಾಗಿದೆ. ನಂತರದ ದಶಕಗಳಲ್ಲಿ ಅವರ ನಿಲುವು ಬದಲಾಯಿತು. 1940ರ ಹಕ್ಕುಗಳ ಘೋಷಣೆಯಲ್ಲಿ ಜನಾಂಗ ಭೇದವಿಲ್ಲದ ಸಮಾನತೆಯನ್ನು ಪ್ರತಿಪಾದಿಸಿ, ಬಲವಂತದ ಸಂತಾನಹರಣ ಮತ್ತು ಚಿತ್ರಹಿಂಸೆಗಳನ್ನು ವಿರೋಧಿಸಲಾಗಿದೆ. ಆದರೆ ಮೊದಲಿನ ಪುಸ್ತಕ ಅಚ್ಚಾಗಿ ಜನರ ಕೈಸೇರಿಯಾಗಿತ್ತು. ಆದ್ದರಿಂದ ವೆಲ್ಸ್ ಅವರನ್ನು ಅಳೆಯುವವರು ಎರಡನ್ನೂ ಎದುರಿಟ್ಟುಕೊಳ್ಳುತ್ತಾರೆ. ಕೊನೆಯ ದಶಕಗಳ ಕಾದಂಬರಿಗಳಲ್ಲಿ ಕಲೆಗಿಂತ ಉಪದೇಶ ಹೆಚ್ಚಾಯಿತೆಂಬ ಆಕ್ಷೇಪವೂ ಇದೆ.

ಕೊನೆಯ ದಿನಗಳು

ಯುದ್ಧಕಾಲದ ಬಾಂಬ್ ದಾಳಿಯ ನಡುವೆಯೂ ವೆಲ್ಸ್ ಲಂಡನ್ನಿನ ರೀಜೆಂಟ್ಸ್ ಪಾರ್ಕ್ ಬಳಿಯ ಹ್ಯಾನೋವರ್ ಟೆರೇಸ್‌ನ ತಮ್ಮ ಮನೆಯನ್ನು ಬಿಡಲಿಲ್ಲ. 1945ರಲ್ಲಿ ಪ್ರಕಟವಾದ ‘ಮೈಂಡ್ ಅಟ್ ದಿ ಎಂಡ್ ಆಫ್ ಇಟ್ಸ್ ಟೆದರ್’ ಎಂಬ ಕಿರುಹೊತ್ತಗೆಯಲ್ಲಿ ಮಾನವ ಕುಲದ ಉಳಿವಿನ ಬಗ್ಗೆ ಗಾಢವಾದ ನಿರಾಶೆ ತುಂಬಿದೆ. 1946ರ ಆಗಸ್ಟ್ 13ರಂದು, 79ನೆಯ ವಯಸ್ಸಿನಲ್ಲಿ, ಅದೇ ಮನೆಯಲ್ಲಿ ನಿಧನರಾದರು. ಗೋಲ್ಡರ್ಸ್ ಗ್ರೀನ್ ಚಿತಾಗಾರದಲ್ಲಿ ಅಂತ್ಯಕ್ರಿಯೆ ನಡೆಯಿತು. ಚಿತಾಭಸ್ಮವನ್ನು ಇಂಗ್ಲಿಷ್ ಕಾಲುವೆಯಲ್ಲಿ ವಿಸರ್ಜಿಸಲಾಯಿತು.

ಪ್ರಭಾವ

ವೆಲ್ಸ್ ಬಿಟ್ಟುಹೋದ ಭೂತಕಾಲದ ಪ್ರಶ್ನೆಯನ್ನು ಮುಂದಿನ ಲೇಖಕರು ಕೈಗೆತ್ತಿಕೊಂಡರು. ರೇ ಬ್ರಾಡ್ಬರಿ ಅವರ 1952ರ ‘ಎ ಸೌಂಡ್ ಆಫ್ ಥಂಡರ್’ ಕತೆಯಲ್ಲಿ ಡೈನೋಸಾರ್ ಕಾಲಕ್ಕೆ ಹೋದ ಬೇಟೆಗಾರನು ಒಂದು ಚಿಟ್ಟೆಯನ್ನು ತುಳಿದದ್ದರಿಂದ ಅವನ ವರ್ತಮಾನವೇ ಬದಲಾಗುತ್ತದೆ. ವೆಲ್ಸ್ ಕಾದಂಬರಿಗೆ ಉತ್ತರಭಾಗವಾಗಿ ಸ್ಟೀಫನ್ ಬ್ಯಾಕ್ಸ್‌ಟರ್ 1995ರಲ್ಲಿ ಬರೆದ ‘ದಿ ಟೈಮ್ ಶಿಪ್ಸ್’ ಕೃತಿಯಲ್ಲಿ, ಯಾತ್ರಿಕ ಹಿಂತಿರುಗಿ ತನ್ನ ಕತೆ ಹೇಳಿದ್ದರಿಂದಲೇ ಭವಿಷ್ಯ ಬದಲಾಗಿ, ಅವನು ಕಂಡಿದ್ದ ಎಲಾಯ್‌ಗಳ ಲೋಕ ಇಲ್ಲವಾಗುತ್ತದೆ.

ಸೂಪರ್‌ಹೀರೊ ಕತೆಗಳಲ್ಲಿಯೂ ಈ ಎಳೆ ಮುಂದುವರಿದಿದೆ. 1978ರ ‘ಸೂಪರ್‌ಮ್ಯಾನ್’ ಚಿತ್ರದ ನಾಯಕ ಭೂಮಿಯನ್ನು ಹಿಮ್ಮುಖವಾಗಿ ತಿರುಗಿಸಿ ಕಾಲವನ್ನು ಹಿಂದೆ ಸರಿಸಿ ಪ್ರೇಯಸಿಯನ್ನು ಉಳಿಸಿಕೊಳ್ಳುತ್ತಾನೆ. 2011ರ ‘ಫ್ಲ್ಯಾಶ್‌ಪಾಯಿಂಟ್’ ಕಾಮಿಕ್ಸ್‌ನಲ್ಲಿ ಹಿಂದಕ್ಕೆ ಹೋಗಿ ತಾಯಿಯ ಕೊಲೆಯನ್ನು ತಪ್ಪಿಸಿದ ಫ್ಲ್ಯಾಶ್, ಯುದ್ಧದಲ್ಲಿ ಮುಳುಗಿದ ಬೇರೆಯೇ ಜಗತ್ತಿನಲ್ಲಿ ಕಣ್ಣು ತೆರೆಯುತ್ತಾನೆ. 2019ರ ‘ಅವೆಂಜರ್ಸ್: ಎಂಡ್‌ಗೇಮ್’ ಚಿತ್ರವು ಭೂತಕಾಲದಲ್ಲಿ ಮಾಡಿದ ಬದಲಾವಣೆ ಹೊಸ ಕವಲನ್ನು ಸೃಷ್ಟಿಸುತ್ತದೆಯೇ ಹೊರತು ನಡೆದದ್ದನ್ನು ಅಳಿಸುವುದಿಲ್ಲ ಎಂಬ ನಿಲುವನ್ನು ತಳೆಯುತ್ತದೆ. 1990ರ ದಶಕದ ‘ಲೋಯಿಸ್ ಅಂಡ್ ಕ್ಲಾರ್ಕ್’ ದೂರದರ್ಶನ ಸರಣಿಯಲ್ಲಿ ವೆಲ್ಸ್ ಅವರೇ ಸೂಪರ್‌ಮ್ಯಾನ್‌ನೊಂದಿಗೆ ಕಾಲಯಾನ ಮಾಡುವ ಪಾತ್ರವಾಗಿ ಬಂದಿದ್ದಾರೆ. ಅಲನ್ ಮೂರ್ ಅವರ ‘ದಿ ಲೀಗ್ ಆಫ್ ಎಕ್ಸ್‌ಟ್ರಾರ್ಡಿನರಿ ಜಂಟಲ್‌ಮೆನ್’ ಕಾಮಿಕ್ಸ್‌ನ ತಂಡದಲ್ಲಿ ವೆಲ್ಸ್ ಅವರ ಅದೃಶ್ಯ ಮಾನವನೂ ಇದ್ದಾನೆ.

‘ದಿ ಟೈಮ್ ಮೆಷಿನ್’ 1960ರಲ್ಲಿ ಜಾರ್ಜ್ ಪಾಲ್ ಅವರ ನಿರ್ದೇಶನದಲ್ಲಿ ಚಲನಚಿತ್ರವಾಯಿತು. 2002ರ ಚಿತ್ರವನ್ನು ವೆಲ್ಸ್ ಅವರ ಮರಿಮಗ ಸೈಮನ್ ವೆಲ್ಸ್ ನಿರ್ದೇಶಿಸಿದರು. ಅದರಲ್ಲಿ ಮೂಲದಲ್ಲಿಲ್ಲದ ಪ್ರಸಂಗವೊಂದನ್ನು ಸೇರಿಸಲಾಗಿದೆ: ನಾಯಕ ಹಿಂದಕ್ಕೆ ಹೋಗಿ ತನ್ನ ಪ್ರೇಯಸಿಯನ್ನು ಕೊಲೆಗಾರನಿಂದ ಪಾರುಮಾಡುತ್ತಾನೆ, ಆದರೆ ಅವಳು ಬೇರೊಂದು ರೀತಿಯಲ್ಲಿ ಸಾಯುತ್ತಾಳೆ. ಅವಳ ಸಾವೇ ಆ ಯಂತ್ರವನ್ನು ಕಟ್ಟಲು ಕಾರಣವಾದ್ದರಿಂದ ಅದನ್ನು ತಪ್ಪಿಸುವುದು ಅಸಾಧ್ಯವೆಂದು ಚಿತ್ರ ಹೇಳುತ್ತದೆ. ಭಾರತದಲ್ಲಿ, ಕನ್ನಡದ ‘ಹಾಲು ಜೇನು’ ಚಿತ್ರದ ನಿರ್ದೇಶಕರೂ ಆದ ಸಿಂಗೀತಂ ಶ್ರೀನಿವಾಸ ರಾವ್ 1991ರಲ್ಲಿ ವೆಲ್ಸ್ ಕಾದಂಬರಿಯಿಂದ ಪ್ರೇರಣೆ ಪಡೆದು ತೆಲುಗಿನಲ್ಲಿ ‘ಆದಿತ್ಯ 369’ ಚಿತ್ರವನ್ನು ನಿರ್ದೇಶಿಸಿದರು. ಅದರ ಪಾತ್ರಗಳು ಕಾಲಯಂತ್ರವೇರಿ ಕೃಷ್ಣದೇವರಾಯನ ವಿಜಯನಗರವನ್ನು ತಲುಪುತ್ತವೆ.

ಚಂದ್ರನ ಮರೆಯ ಬದಿಯ ಕುಳಿಯೊಂದಕ್ಕೆ ವೆಲ್ಸ್ ಅವರ ಹೆಸರಿಡಲಾಗಿದೆ.

ಪ್ರಮುಖ ಕೃತಿಗಳು

ದಿ ಟೈಮ್ ಮೆಷಿನ್ (1895)
ದಿ ಐಲೆಂಡ್ ಆಫ್ ಡಾಕ್ಟರ್ ಮೊರೊ (1896)
ದಿ ಇನ್‌ವಿಸಿಬಲ್ ಮ್ಯಾನ್ (1897)
ದಿ ವಾರ್ ಆಫ್ ದಿ ವರ್ಲ್ಡ್ಸ್ (1898)
ದಿ ಫಸ್ಟ್ ಮೆನ್ ಇನ್ ದಿ ಮೂನ್ (1901)
ದಿ ಫುಡ್ ಆಫ್ ದಿ ಗಾಡ್ಸ್ (1904)
ಕಿಪ್ಸ್ (1905)
ದಿ ವಾರ್ ಇನ್ ದಿ ಏರ್ (1908)
ಟೋನೊ-ಬಂಗೆ (1909)
ದಿ ವರ್ಲ್ಡ್ ಸೆಟ್ ಫ್ರೀ (1914)
ದಿ ಔಟ್‌ಲೈನ್ ಆಫ್ ಹಿಸ್ಟರಿ (1919–20)
ಮೆನ್ ಲೈಕ್ ಗಾಡ್ಸ್ (1923)
ದಿ ಶೇಪ್ ಆಫ್ ಥಿಂಗ್ಸ್ ಟು ಕಮ್ (1933)
ಎಕ್ಸ್‌ಪೆರಿಮೆಂಟ್ ಇನ್ ಆಟೊಬಯಾಗ್ರಫಿ (ಆತ್ಮಕಥೆ, 1934)
ದಿ ರೈಟ್ಸ್ ಆಫ್ ಮ್ಯಾನ್ (1940)